ಬೆಂಗಳೂರಿಗೆ ದಿನವೂ ಹೋಗಿಬರುವವರು ಯಾವ ಊರಿನ ಲೆಕ್ಕ?

ಬೆಂಗಳೂರು ಇಷ್ಟು ಬೆಳೆದರೂ ಸುತ್ತಲಿನ ಜಿಲ್ಲೆಗಳ ಜನಸಂಖ್ಯೆ ಅಷ್ಟಾಗಿ ಏರಲಿಲ್ಲವೇಕೆ, ಅಲ್ಲಿನವರೆಲ್ಲ ಊರು ಬಿಟ್ಟರೇ ಎಂದು ನೀವು ಕೇಳಿದ್ದೀರಿ. ಬಿಟ್ಟವರು ಇದ್ದಾರೆ, ನಿಜ. ಆದರೆ ಮನೆಯನ್ನು ಊರಿನಲ್ಲೇ ಉಳಿಸಿಕೊಂಡು ದುಡಿಮೆಗೆ ಮಾತ್ರ ಬೆಂಗಳೂರಿಗೆ ಹೋಗುವವರೂ ಬಹಳ ಜನ. ಬಂಗಾರಪೇಟೆಯಿಂದ ತಿಂಗಳ ಪಾಸಿನ ಮೇಲೆ ಓಡಾಡುವ ನಾನೂ ಅವರಲ್ಲಿ ಒಬ್ಬ.

2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೆ, ಎಂದರೆ ಸುಮಾರು ಶೇ 47ರಷ್ಟು ಏರಿತು. ಅದೇ ಹತ್ತು ವರ್ಷಗಳಲ್ಲಿ ಕೋಲಾರ ಜಿಲ್ಲೆಯ ಏರಿಕೆ ಶೇ 11ರ ಆಸುಪಾಸು, ರಾಮನಗರದ್ದು ಶೇ 5ರ ಆಸುಪಾಸು. ಬೊಮ್ಮನಹಳ್ಳಿ, ಮಹದೇವಪುರ, ಯಲಹಂಕ ಸೇರಿ ಏಳು ನಗರಸಭೆಗಳೂ ಕೆಂಗೇರಿ ಪುರಸಭೆಯೂ ನೂರಕ್ಕೂ ಹೆಚ್ಚು ಹಳ್ಳಿಗಳೂ 2007ರಲ್ಲಿ ನಗರದ ಪಾಲಿಕೆಯಾದ ಬಿಬಿಎಂಪಿಗೆ ಸೇರಿದವು; ಅವು ಮೊದಲೇ ನಗರ ಜಿಲ್ಲೆಯಲ್ಲಿದ್ದುದರಿಂದ ಆ ಅಂಚಿನ ಬೆಳವಣಿಗೆಯೆಲ್ಲ ನಗರ ಜಿಲ್ಲೆಯ ಲೆಕ್ಕಕ್ಕೇ ಹೋಯಿತು. ಅದರಾಚೆಯವರನ್ನು ಗಣತಿ ವಾಸದ ಮನೆಯಲ್ಲಿ ಎಣಿಸುತ್ತದೆ. ಕೆಲಸದ ಜಾಗ ಎಷ್ಟು ದೂರ, ಹೋಗುವುದು ಯಾವುದರಲ್ಲಿ ಎಂದು 2011ರ ಗಣತಿಯಲ್ಲಿ ಕೇಳಿದ್ದರು. ಆ ಕೋಷ್ಟಕಗಳನ್ನು ಜನಸಂಖ್ಯೆಯಷ್ಟೇ ಶ್ರದ್ಧೆಯಿಂದ ಓದಬೇಕೆಂಬುದು ನನ್ನ ಅಭಿಪ್ರಾಯ.

ಕೆಜಿಎಫ್‌ನ ಉದಾಹರಣೆ ನೋಡಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿದಾಗ ಸಾವಿರಾರು ಮನೆಗಳ ಸಂಬಳ ನಿಂತಿತು, ಆದರೆ ಗಣಿಗೆಂದು ಹಾಕಿದ್ದ ರೈಲು ಹಳಿ ಉಳಿದಿತ್ತು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬೆಳಗಿನ ಜಾವವೇ ಹತ್ತಿದವರು ಬಂಗಾರಪೇಟೆಗೆ ಬರುವಷ್ಟರಲ್ಲಿ ಅರ್ಧ ನಿದ್ದೆಯಲ್ಲಿರುತ್ತಾರೆ. ಮಾಲೂರು ದಾಟಿದ ಮೇಲೆ ಬೋಗಿಯ ಬಾಗಿಲಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ವೈಟ್‌ಫೀಲ್ಡ್ ಮತ್ತು ಕೃಷ್ಣರಾಜಪುರದಲ್ಲಿ ಸೆಕ್ಯೂರಿಟಿಯವರು, ಹೌಸ್‌ಕೀಪಿಂಗ್ ಹೆಂಗಸರು, ಅಂಗಡಿ ಹುಡುಗರು ಒಟ್ಟಿಗೆ ಇಳಿದರೆ ಬೋಗಿ ಒಮ್ಮೆಲೇ ಬರಿದಾಗುತ್ತದೆ. ಸಂಜೆ ವಾಪಸ್ ಬರುವಾಗ ಅದೇ ಹೆಂಗಸರು ಮಡಿಲಲ್ಲಿ ಕವರ್ ಇಟ್ಟುಕೊಂಡು ರಾತ್ರಿಯ ಅಡುಗೆಗೆ ಅವರೆಕಾಯಿ ಬಿಡಿಸುತ್ತಿರುತ್ತಾರೆ, ಏಕೆಂದರೆ ಮನೆ ಸೇರುವಾಗ ಅದಕ್ಕೆ ಹೊತ್ತು ಉಳಿದಿರುವುದಿಲ್ಲ.

ಇವರು ಬೆಂಗಳೂರಿನಲ್ಲೇ ಏಕೆ ನೆಲೆಸುವುದಿಲ್ಲ ಎಂದರೆ ಕಾರಣ ಬಾಡಿಗೆ ಮತ್ತು ಅಡ್ವಾನ್ಸ್. ಪಾಸಿನ ಖರ್ಚು ಅದರ ಮುಂದೆ ಏನೂ ಅಲ್ಲ, ಜೊತೆಗೆ ಊರಿನಲ್ಲಿ ಸ್ವಂತ ಸೂರು, ಮಕ್ಕಳನ್ನು ನೋಡಿಕೊಳ್ಳಲು ಅಜ್ಜಿ ಇರುತ್ತಾರೆ.

2020ರಲ್ಲಿ ಒಪ್ಪಿಗೆ ಪಡೆದ 148 ಕಿಲೋಮೀಟರ್ ಉಪನಗರ ರೈಲು ಯೋಜನೆಯ ಮಾರ್ಗ ನಮ್ಮ ದಿಕ್ಕಿನಲ್ಲಿ ವೈಟ್‌ಫೀಲ್ಡ್‌ಗೆ, ರಾಮನಗರದ ದಿಕ್ಕಿನಲ್ಲಿ ಕೆಂಗೇರಿಗೆ ಮುಗಿಯುತ್ತದೆ. ಅದು ನಗರದೊಳಗಿನವರಿಗೆ ಖಂಡಿತ ಬೇಕು. ಆದರೆ ಬಂಗಾರಪೇಟೆ, ತುಮಕೂರು, ರಾಮನಗರಗಳಿಂದ ಬರುವವರಿಗೆ ಈಗಿನ ಹಳಿಯ ಮೇಲೆಯೇ ಬೆಳಿಗ್ಗೆ, ಸಂಜೆ ಇನ್ನಷ್ಟು ಮೆಮು ರೈಲುಗಳನ್ನು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲುಗಳನ್ನು) ಓಡಿಸುವುದು ಅದಕ್ಕಿಂತ ಮೊದಲು ಆಗಬೇಕಾದ ಕೆಲಸ.