ಸಣ್ಣ ಊರಿಗೆ ಬಂದು ಒಂದು ವರ್ಷವಾಯಿತು. ಎಲ್ಲರ ಪರಿಚಯ ಇದೆ, ನಮ್ಮವರು ಅನ್ನುವವರು ಮಾತ್ರ ಯಾರೂ ಇಲ್ಲ. ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ನನ್ನ ಮೊದಲ ವರ್ಷ ನೆನಪಾಯಿತು. ದೊಡ್ಡ ನಗರ ಬಿಟ್ಟು ಸಣ್ಣ ಊರಿಗೆ ಬಂದಾಗ ನಂದೂ ಇದೇ ಪಾಡು. ದಾರಿಯಲ್ಲಿ ಹತ್ತು ಜನ ಮಾತಾಡಿಸುತ್ತಿದ್ದರು. ಆದರೆ ಅಪರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಲಿ ಅಂತ ಯೋಚಿಸಿದರೆ ಒಂದು ಹೆಸರೂ ಹೊಳೆಯುತ್ತಿರಲಿಲ್ಲ.

ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ, ನೀವೂ ಅದನ್ನೇ ಮಾಡುತ್ತಿರಬಹುದು. ಒಳ್ಳೆಯವನು ಅನ್ನಿಸಿಕೊಳ್ಳಲು ಹೊರಟಿದ್ದೆ. ಒಬ್ಬರಿಗೆ ಅರ್ಜಿ ಬರೆದುಕೊಟ್ಟೆ, ಇನ್ನೊಬ್ಬರ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟೆ, ಕರೆದಲ್ಲಿಗೆಲ್ಲ ಹೋದೆ. ನಾನಾಗಿ ಮಾತ್ರ ಯಾರ ಹತ್ತಿರವೂ ಏನೂ ಕೇಳಲಿಲ್ಲ. ಯಾರ ಹಂಗೂ ಇಲ್ಲದೆ ಬದುಕುತ್ತೇನೆ ಅನ್ನೋ ಹೆಮ್ಮೆ. ಎದುರಿನವರಿಗೆ ಅದು ಹೆಮ್ಮೆಯಾಗಿ ಕಾಣಲ್ಲ. ಇವನಿಗೆ ನಮ್ಮಿಂದ ಏನೂ ಬೇಕಾಗಿಲ್ಲ, ಇವತ್ತಲ್ಲ ನಾಳೆ ಹೋಗುವವನು ಅನ್ನಿಸುತ್ತದೆ.

ಬದಲಾಗಿದ್ದು ಒಂದು ಏಣಿಯಿಂದ. ಮಳೆಗೆ ಮನೆ ಸೋರುತ್ತಿತ್ತು, ನನ್ನ ಹತ್ತಿರ ಏಣಿ ಇರಲಿಲ್ಲ. ಎರಡು ಮನೆ ಆಚೆ ಒಬ್ಬ ಹಿರಿಯರ ಗೋಡೆಗೆ ಒರಗಿಸಿಟ್ಟ ಮರದ ಏಣಿ ದಿನಾ ಕಣ್ಣಿಗೆ ಬೀಳುತ್ತಿತ್ತು. ಕೇಳಲು ಸಂಕೋಚ. ಎರಡು ದಿನ ಸೋರುವ ಕಡೆ ಬಕೆಟ್ ಇಟ್ಟು ಸುಮ್ನಿದ್ದೆ. ಮೂರನೇ ದಿನ ಹೋಗಿ ಕೇಳಿದೆ. "ಕೆಳಗಿಂದ ಮೂರನೇ ಮೆಟ್ಟಿಲು ಸಡಿಲ ಇದೆ, ನಿಮಗೆ ಗೊತ್ತಾಗಲ್ಲ, ನಾನೇ ಬರ್ತೀನಿ" ಅಂದರು. ಏಣಿಯ ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನಾನು. ನಾನು ಮೇಲೆ ಹತ್ತಿದೆ. ಅವರು ಕೆಳಗೆ ಏಣಿ ಹಿಡಿದು ನಿಂತು ಒಂದು ಗಂಟೆ ಬೈದರು. ಹಾಗಲ್ಲ, ಹೀಗೆ. ಅಲ್ಲಲ್ಲ, ಇನ್ನೊಂದು ಕೈ. ಮಾರನೇ ದಿನ ಅವರೇ ನಮ್ಮ ಮನೆಗೆ ಬಂದರು. ಕನ್ನಡಕದ ಸ್ಕ್ರೂ ಸಡಿಲವಾಗಿದೆ, ತೀರಾ ಸಣ್ಣ ಸ್ಕ್ರೂಡ್ರೈವರ್ ಇದೆಯಾ ಅಂತ. ಒಂದು ವರ್ಷದಲ್ಲಿ ಅವರು ನನ್ನ ಹೊಸ್ತಿಲು ತುಳಿದಿದ್ದು ಅದೇ ಮೊದಲು.

ಇದು ಹಳೇ ಉಪಾಯವೇ. ತಮ್ಮನ್ನು ವಿರೋಧಿಸುತ್ತಿದ್ದ ಶಾಸನಸಭೆಯ ಸದಸ್ಯರೊಬ್ಬರ ಹತ್ತಿರ ಒಂದು ಅಪರೂಪದ ಪುಸ್ತಕವನ್ನು ಕೆಲವು ದಿನದ ಮಟ್ಟಿಗೆ ಕೇಳಿ ತರಿಸಿಕೊಂಡೆ, ಆಮೇಲೆ ಇಬ್ಬರೂ ಸ್ನೇಹಿತರಾದೆವು ಅಂತ 18ನೇ ಶತಮಾನದ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1969ರಲ್ಲಿ ಜೆಕರ್ ಮತ್ತು ಲ್ಯಾಂಡಿ ಎಂಬ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಸಂಶೋಧಕರೇ ಖುದ್ದಾಗಿ ಕೇಳಿದರು ಅಂತ ಉಪಕಾರ ಮಾಡಿದವರಿಗೆ, ಏನೂ ಕೇಳಿಸಿಕೊಳ್ಳದವರಿಗಿಂತ, ಆ ಸಂಶೋಧಕರು ಜಾಸ್ತಿ ಇಷ್ಟವಾದರು. ನಾವು ಉಪಕಾರ ಮಾಡಿದವರ ಮೇಲೆ ನಮಗೇ ಪ್ರೀತಿ ಹುಟ್ಟುತ್ತದೆ. ವಿಚಿತ್ರ ಅಲ್ವಾ?

ಹಾಗಂತ ಮೊದಲೇ ದುಡ್ಡು ಕೇಳಬೇಡಿ. 'ಇಲ್ಲ' ಅನ್ನಲು ಅವರಿಗೆ ಕಷ್ಟವಾಗದಂಥ ಸಣ್ಣದು ಕೇಳಿ. ಹೇಳಿದ ದಿನಕ್ಕೆ ವಾಪಸ್ ಕೊಡಿ, ತಂದಾಗ ಇದ್ದದ್ದಕ್ಕಿಂತ ಚೊಕ್ಕ ಮಾಡಿ ಕೊಡಿ. ನಾನು ಆ ಸಡಿಲ ಮೆಟ್ಟಿಲಿಗೆ ಮೊಳೆ ಹೊಡೆದು ಕೊಟ್ಟೆ. ಅದು ಸೊಟ್ಟಗಾಯಿತು, ಇವತ್ತಿಗೂ ಅದೊಂದು ತಮಾಷೆ.

ಇನ್ನೊಂದು ವಿಷಯ, ನೀವು "ಒಂದು ವರ್ಷ" ಅಂದಿರಿ. ವರ್ಷ ಬಿಡಿ, ಗಂಟೆ ಎಣಿಸಿ. ಹೊಸ ಜಾಗಕ್ಕೆ ಬಂದವರು ಸ್ನೇಹ ಹೇಗೆ ಮಾಡಿಕೊಳ್ಳುತ್ತಾರೆ ಅಂತ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಬರೀ ಪರಿಚಯ ಒಂದಿಷ್ಟು ಸಲುಗೆಯಾಗಲು ಸುಮಾರು 50 ಗಂಟೆ ಜೊತೆಗಿರಬೇಕು, ಸ್ನೇಹಿತರು ಅನ್ನಿಸಲು ಸುಮಾರು 90, ಆಪ್ತರಾಗಲು 200ಕ್ಕೂ ಜಾಸ್ತಿ. ಈಗ ನಿಮ್ಮ ಲೆಕ್ಕ ನೋಡಿ. ಒಬ್ಬರ ಜೊತೆ ವಾರಕ್ಕೆ ಮೂರು ಸಲ ಐದೈದು ನಿಮಿಷ ಮಾತಾಡಿದರೆ ವರ್ಷಕ್ಕೆ ಆಗುವುದು 13 ಗಂಟೆ ಅಷ್ಟೇ. ಅದೇ ವಾರಕ್ಕೊಂದು ಸಂಜೆ ಎರಡು ಗಂಟೆ ಕೂತರೆ ವರ್ಷಕ್ಕೆ ನೂರು ದಾಟುತ್ತದೆ. ನನಗೆ ಅದು ಚೆಸ್. ಆಟ ಇವತ್ತಿಗೂ ಸರಿಯಾಗಿ ಬರಲ್ಲ. ಆದರೆ ಅದೇ ವಾರ, ಅದೇ ಜಾಗ, ಅದೇ ನಾಲ್ಕು ಮುಖ. ಒಂದು ವಾರ ಹೋಗದಿದ್ದರೆ "ಯಾಕೆ ಬರಲಿಲ್ಲ?" ಅಂತ ಫೋನ್ ಬರುತ್ತದೆ. ಆ ಫೋನ್ ಮೊದಲ ಸಲ ಬಂದ ದಿನ ನನಗೆ ಸ್ವಲ್ಪ ಗಂಟಲು ಕಟ್ಟಿತ್ತು, ಸುಳ್ಳೇಕೆ.

ಇದರಲ್ಲಿ ಕಿರಿಕಿರಿಯೂ ಇದೆ. ನನಗೆ ಜ್ವರ ಬಂದ ಸುದ್ದಿ ಯಾವ ದಾರಿಯಲ್ಲಿ ಊರಿಗೆ ಮುಟ್ಟುತ್ತದೋ, ನಾನು ಫೋನಿನಲ್ಲಿ ತಮ್ಮನ ಜೊತೆ ಜಗಳ ಮಾಡಿದ್ದೂ ಅದೇ ದಾರಿಯಲ್ಲಿ ಮುಟ್ಟುತ್ತದೆ. ಒಂದು ಬೇಕು, ಇನ್ನೊಂದು ಬೇಡ ಅಂದರೆ ಆಗಲ್ಲ. ನಾನಂತೂ ಒಂದೇ ನಿಯಮ ಇಟ್ಟುಕೊಂಡಿದ್ದೇನೆ. ಒಬ್ಬರ ಮನೆಯಲ್ಲಿ ಇನ್ನೊಬ್ಬರ ಬಗ್ಗೆ ಮಾತು ಬಂದರೆ ನನ್ನ ಕಿವಿ ಇರುತ್ತದೆ, ಬಾಯಿ ಇರಲ್ಲ. ಹೊಸಬರ ಮಾತು ಬೇಗ ಊರು ಸುತ್ತುತ್ತದೆ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಮನೆಯಲ್ಲಿ ಏನೋ ಒಂದು ಕೆಟ್ಟಿರುತ್ತದೆ, ಯಾವುದೋ ಸಾಮಾನು ಬೇಕಿರುತ್ತದೆ. ಅದನ್ನು ಆನ್‌ಲೈನಲ್ಲಿ ತರಿಸಬೇಡಿ. ಪಕ್ಕದ ಮನೆಯವರನ್ನು ಕೇಳಿ.