ಹನ್ನೊಂದು ಜನ ಬೇಡ, ಜೋಸ್ಕ್ಯಾನ್ ಒಬ್ಬ ಸಾಕು

ನಮಸ್ಕಾರ.

ನಿಮ್ಮ 'ನವೋದಯ ಕಾಲದ ಮಹಾನ್ ವಾಗ್ಗೇಯಕಾರರು' ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಯುರೋಪಿನ ಹಳೆಯ ಸಂಗೀತದ ಬಗ್ಗೆ ಕನ್ನಡದಲ್ಲಿ ಬರೆಯುವವರು ತುಂಬಾ ಕಡಿಮೆ. ನೀವು ಅದನ್ನು ನಿಜವಾಗಿ ಕೂತು ಕೇಳಿದ್ದೀರಿ ಅನ್ನುವುದೂ ಒಂದು ಕಡೆ ಗೊತ್ತಾಯಿತು. ಅದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲು ಶೀರ್ಷಿಕೆ. 'ನವೋದಯ' ಅಂದ ಕೂಡಲೇ ನಮ್ಮ ಓದುಗರಿಗೆ ನೆನಪಾಗುವುದು ಬೇಂದ್ರೆ, ಕುವೆಂಪು. ಯುರೋಪಿನ 15-16ನೇ ಶತಮಾನದ ಆ ಕಾಲವನ್ನು 'ರೆನೇಸಾನ್ಸ್' ಎಂದೇ ಬರೆಯಿರಿ, ಯಾರಿಗೂ ತೊಂದರೆಯಿಲ್ಲ. 'ವಾಗ್ಗೇಯಕಾರ' ಕೂಡ ಇಲ್ಲಿ ಹೊಂದುವುದಿಲ್ಲ. ಮಾತು (ಸಾಹಿತ್ಯ), ಧಾತು (ಸಂಗೀತ) ಎರಡನ್ನೂ ತಾನೇ ಕಟ್ಟುವವನು ವಾಗ್ಗೇಯಕಾರ. ಇವರು ಹೆಚ್ಚಾಗಿ, ಚರ್ಚಿನಲ್ಲಿ ಮೊದಲೇ ಇದ್ದ ಲ್ಯಾಟಿನ್ ಪ್ರಾರ್ಥನೆಗಳಿಗೆ ಸಂಗೀತ ಕೂರಿಸಿದವರು. 'ಸಂಯೋಜಕ' ಸಾಕು.

ಈಗ ದೊಡ್ಡ ತೊಂದರೆಗೆ ಬರುತ್ತೇನೆ. ಹನ್ನೊಂದು ಜನರನ್ನು ತಂದಿದ್ದೀರಿ. ಒಬ್ಬೊಬ್ಬರಿಗೂ ಹುಟ್ಟಿದ ಊರು, ಸತ್ತ ವರ್ಷ, ಮೂರು ಕೃತಿಗಳ ಹೆಸರು, ಕೊನೆಗೆ 'ಇವರ ಸಂಗೀತ ದೈವಿಕವಾದದ್ದು'. ಈ 'ದೈವಿಕ' ಏಳು ಸಲ ಬಂದಿದೆ. ಓದಿ ಮುಗಿಸಿದ ಮೇಲೆ ಯಾರು ಯಾರೆಂದೇ ನೆನಪಿರುವುದಿಲ್ಲ. ಆದರೆ ಇಂಗ್ಲೆಂಡಿನ ಥಾಮಸ್ ಟ್ಯಾಲಿಸ್ ಬಗ್ಗೆ ಬರೆಯುವಾಗ ಒಂದು ಸಾಲು ಬಂದಿದೆ ನೋಡಿ: 'ಇಯರ್‌ಫೋನ್ ಹಾಕಿಕೊಂಡು ಸ್ಪೆಮ್ ಇನ್ ಆಲಿಯಮ್ ಕೇಳುತ್ತಿದ್ದೆ. ಒಮ್ಮೆಲೇ ಎಲ್ಲ ದನಿ ನಿಂತಿತು. ಫೋನ್ ಕೈಕೊಟ್ಟಿತು ಅಂದುಕೊಳ್ಳುವಷ್ಟರಲ್ಲಿ ಗೋಡೆಯೇ ಎದ್ದು ಬಂದ ಹಾಗೆ ಎಲ್ಲರೂ ಒಟ್ಟಿಗೆ ಹಾಡಿದರು.' ಆ ಕೃತಿಯಲ್ಲಿ ಐದೈದು ದನಿಗಳ ಎಂಟು ಗುಂಪು, ಒಟ್ಟು 40 ದನಿ. ಆ ಮೌನ ನಿಜವಾಗಿಯೂ ಅಲ್ಲಿದೆ. ಅದು ನಿಮ್ಮ ಕಿವಿಗೆ ಬಿದ್ದಿದೆ. ಇಡೀ ಲೇಖನದಲ್ಲಿ ನೀವು ಕಾಣಿಸುವುದು ಅದೊಂದೇ ಕಡೆ.

ಪಾಲಿಫೊನಿ ಅಂದರೆ 'ಹಲವರು ಒಟ್ಟಿಗೆ ಹಾಡುವ ಪದ್ಧತಿ' ಎಂದಿದ್ದೀರಿ. ಅಷ್ಟೇ ಆದರೆ ನಮ್ಮ ಭಜನೆಯೂ ಅದೇ ಆಯ್ತು, ಅಲ್ವಾ? ಭಜನೆಯಲ್ಲಿ ಎಲ್ಲರದೂ ಒಂದೇ ಧಾಟಿ. ಇಲ್ಲಿ ಒಬ್ಬೊಬ್ಬರದೂ ಬೇರೆ ದಾರಿ. ನಿಮ್ಮ ಪಟ್ಟಿಯ ಜೋಸ್ಕ್ಯಾನ್ ದೆ ಪ್ರೇ ಎಂಬ ಸಂಯೋಜಕನ 'ಆವೇ ಮರಿಯಾ, ವಿರ್ಗೊ ಸೆರೇನಾ' ಹೇಗೆ ಶುರುವಾಗುತ್ತದೆ, ಇನ್ನೊಮ್ಮೆ ಕೇಳಿ. ಮೇಲಿನ ದನಿ ಒಂಟಿಯಾಗಿ ಒಂದು ಸಾಲು ಎತ್ತಿಕೊಳ್ಳುತ್ತದೆ. ಆಮೇಲೆ ಅದೇ ಸಾಲನ್ನು ಎರಡನೆಯದು ಹಿಡಿಯುತ್ತದೆ. ಹಾಗೇ ಮೂರನೆಯದು, ಕೆಳಗಿನ ನಾಲ್ಕನೆಯದು. ಇವತ್ತಿನ ಹಾಗೆ ಎಲ್ಲ ದನಿಗಳನ್ನೂ ಒಂದರ ಕೆಳಗೊಂದು ಜೋಡಿಸಿದ ಪುಟವನ್ನು ಇಟ್ಟುಕೊಂಡು ಆಗಿನವರು ಹಾಡುತ್ತಿರಲಿಲ್ಲ. ಎಷ್ಟೋ ಸಲ ಕೈಯಲ್ಲಿ ತನ್ನ ದನಿಯ ಪುಸ್ತಕ ಮಾತ್ರ. ಉಳಿದವರು ಎಲ್ಲಿದ್ದಾರೆ ಅಂತ ಕಿವಿಯಿಂದಲೇ ತಿಳಿಯಬೇಕು. ಇದನ್ನು ಹೇಳಿದರೆ ಓದುಗರಿಗೆ ಪಾಲಿಫೊನಿ ಅರ್ಥವಾಗುತ್ತದೆ.

ನಿಮ್ಮ ಲೇಖನ ಪೂರ್ತಿ ಈ ಜೋಸ್ಕ್ಯಾನ್ ಮೇಲೇ ನಿಲ್ಲಬಹುದು ಅನ್ನಿಸುತ್ತದೆ. ಅವನ 'ಮಿಸ್ಸಾ ಹರ್ಕ್ಯುಲೆಸ್ ದುಕ್ಸ್ ಫೆರಾರಿಯೆ' ಎಂಬ ಮಾಸ್‌ನ (ಚರ್ಚಿನ ಪೂಜೆಗೆ ಹಾಡುವ ಸಂಗೀತ) ಹೆಸರು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು! 'ಫೆರಾರಾದ ದೊರೆ ಹರ್ಕ್ಯುಲೆಸ್' (ಫೆರಾರಾ ಇಟಲಿಯ ಊರು) ಎಂಬ ಆ ಲ್ಯಾಟಿನ್ ಮಾತಿನ ಸ್ವರಾಕ್ಷರಗಳನ್ನು ಮಾತ್ರ ಹೆಕ್ಕಿ ನೋಡಿ: ಎ, ಉ, ಎ, ಉ, ಎ, ಆ, ಇ, ಎ. ನಮ್ಮ 'ಸ'ಗೆ ಆಗ ಅವರು 'ಉತ್' ಎನ್ನುತ್ತಿದ್ದರು, 'ದೋ' ಬಂದದ್ದು ಆಮೇಲೆ. ಒಂದೊಂದು ಅಕ್ಷರಕ್ಕೂ ಅದೇ ಉಚ್ಚಾರ ಇರುವ ಸ್ವರದ ಹೆಸರು ಇಟ್ಟರೆ, ಆ ಎಂಟು ಅಕ್ಷರ ರೆ, ಉತ್, ರೆ, ಉತ್, ರೆ, ಫಾ, ಮಿ, ರೆ ಆಯಿತು. ನಮ್ಮಲ್ಲಿ ಹೇಳುವುದಾದರೆ ರಿ ಸ ರಿ ಸ ರಿ ಮ ಗ ರಿ. ದೊರೆಯ ಹೆಸರೇ ರಾಗವಾಯಿತು! ಟೆನರ್ (ಗಂಡಸರ ಮೇಲಿನ ದನಿ) ಇದನ್ನು ನಿಧಾನಕ್ಕೆ ಮತ್ತೆ ಮತ್ತೆ ಹಾಡುತ್ತದೆ, ಉಳಿದ ದನಿಗಳು ಸುತ್ತ ಹೆಣೆದುಕೊಳ್ಳುತ್ತವೆ. ಅಕ್ಷರಕ್ಕೂ ಸಂಗೀತಕ್ಕೂ 'ಸ್ವರ' ಅನ್ನುವ ಒಂದೇ ಪದ ಇರುವ ಭಾಷೆ ನಮ್ಮದು. ಇದನ್ನು ಕನ್ನಡದಲ್ಲಿ ಹೇಳಲು ಎಷ್ಟು ಚೆಂದ! ಓದುಗರು ಅಲ್ಲೇ ಗುನುಗಿಕೊಳ್ಳಬಹುದು.

ಅದೇ ದೊರೆಗೆ 1502ರಲ್ಲಿ ಅವನ ಕಡೆಯವನೊಬ್ಬ ಬರೆದ ಪತ್ರವೂ ಉಳಿದಿದೆ. ಯಾರನ್ನು ಕೆಲಸಕ್ಕೆ ಕರೆಯೋಣ, ಜೋಸ್ಕ್ಯಾನನನ್ನೋ ಹೈನ್ರಿಕ್ ಈಸಾಕ್‌ನನ್ನೋ ಅನ್ನುವುದು ವಿಷಯ. ಜೋಸ್ಕ್ಯಾನ್ ಹೆಚ್ಚು ಚೆನ್ನಾಗಿ ಬರೆಯುತ್ತಾನೆ, ಆದರೆ ತನಗೆ ಮನಸ್ಸು ಬಂದಾಗ ಮಾತ್ರ. ಅವನು 200 ಡ್ಯೂಕಟ್ (ಆಗಿನ ಚಿನ್ನದ ನಾಣ್ಯ) ಕೇಳುತ್ತಾನೆ, ಈಸಾಕ್ 120ಕ್ಕೇ ಬರುತ್ತಾನೆ. ದೊರೆ ಜೋಸ್ಕ್ಯಾನನನ್ನೇ ಕರೆಸಿದ. 1503ರಲ್ಲಿ ಬಂದವನು 1504ರಲ್ಲಿ, ಬಹುಶಃ ಪ್ಲೇಗಿನ ಭಯಕ್ಕೆ, ಊರು ಬಿಟ್ಟ. ಅವನ ಜಾಗಕ್ಕೆ ಬಂದ ಓಬ್ರೆಕ್ಟ್ 1505ರಲ್ಲಿ ಪ್ಲೇಗಿಗೆ ಬಲಿಯಾದ. ನಿಮ್ಮ ಪಟ್ಟಿಯಲ್ಲಿ ಈ ಮೂವರೂ ಇದ್ದಾರೆ, ಬೇರೆ ಬೇರೆ ಪ್ಯಾರಾಗಳಲ್ಲಿ, ಒಬ್ಬರಿಗೊಬ್ಬರು ಗುರುತೇ ಇಲ್ಲದವರ ಹಾಗೆ.

ಒಂದು ತಪ್ಪನ್ನು ತಿದ್ದಲೇಬೇಕು. ಚರ್ಚು ಪಾಲಿಫೊನಿಯನ್ನು ನಿಷೇಧಿಸಲು ಹೊರಟಿತ್ತು, ಇಟಲಿಯ ಸಂಯೋಜಕ ಪಲೆಸ್ತ್ರೀನಾ 'ಪೋಪ್ ಮಾರ್ಸೆಲಸ್ ಮಾಸ್' ಬರೆದು ಅದನ್ನು ಉಳಿಸಿದ ಎಂದಿದ್ದೀರಿ. ಇದು ದಂತಕಥೆ. 1607ರಲ್ಲಿ ಅಚ್ಚಾದ ಒಂದು ಪುಸ್ತಕದಿಂದ ಹರಡಿದ್ದು. ಪಲೆಸ್ತ್ರೀನಾ ತೀರಿಕೊಂಡದ್ದು 1594ರಲ್ಲಿ. ದಂತಕಥೆ ಅಂತ ಹೇಳಿ ಬರೆದರೆ ನನ್ನ ತಕರಾರಿಲ್ಲ. ನಿಜವಾಗಿ ನಡೆದದ್ದರಲ್ಲೇ ಕಥೆ ಜಾಸ್ತಿ ಇದೆ: ಮಾರ್ಸೆಲಸ್ ಪೋಪ್ ಆಗಿದ್ದದ್ದು 1555ರಲ್ಲಿ, ಬರೀ ಮೂರು ವಾರ. ಅದೇ ವರ್ಷ ಮುಂದಿನ ಪೋಪ್, ಮದುವೆಯಾದ ಗಾಯಕರು ತನ್ನ ಚಾಪೆಲ್‌ನಲ್ಲಿ (ಪ್ರಾರ್ಥನಾ ಮಂದಿರದಲ್ಲಿ) ಬೇಡ ಎಂದು ಪಲೆಸ್ತ್ರೀನಾನನ್ನು ಕೆಲಸದಿಂದ ತೆಗೆದ.

ವಿಲಿಯಂ ಬರ್ಡ್‌ಗೆ 'ಇವರು ಕ್ಯಾಥೊಲಿಕ್ ಆಗಿದ್ದರು' ಎಂಬ ಒಂದು ಸಾಲು ಕೊಟ್ಟಿದ್ದೀರಿ. ಇಂಗ್ಲೆಂಡಿನ ಪ್ರಾಟೆಸ್ಟೆಂಟ್ ರಾಣಿ ಎಲಿಜಬೆತ್‌ಳ ಚಾಪೆಲ್‌ನಲ್ಲಿ ಹಾಡಿಕೊಂಡಿದ್ದವನು, 1590ರ ದಶಕದಲ್ಲಿ ಮೂರು ಕ್ಯಾಥೊಲಿಕ್ ಮಾಸ್‌ಗಳನ್ನು ಶೀರ್ಷಿಕೆ ಪುಟವೇ ಇಲ್ಲದೆ ಅಚ್ಚು ಹಾಕಿಸಿದ. ಅವನನ್ನು ಎತ್ತಿಡಿ. ಅದು ನಿಮ್ಮ ಎರಡನೆಯ ಲೇಖನ.

ಕೊನೆಯ ಪ್ಯಾರಾದ ಪುರಂದರದಾಸರ ಹೋಲಿಕೆ ತೆಗೆದುಬಿಡಿ. ಅದೇ ಕಾಲದಲ್ಲಿ ಬದುಕಿದ್ದರು ಅನ್ನುವುದು ಬಿಟ್ಟರೆ ನೀವು ಇನ್ನೇನೂ ಹೇಳಿಲ್ಲ. ಹೋಲಿಸಲೇಬೇಕು ಅನ್ನಿಸಿದರೆ, ಸಾಹಿತ್ಯದ ಅಕ್ಷರವೂ ಹಾಡುವ ಸ್ವರವೂ ಒಂದೇ ಆಗುವ ನಮ್ಮ 'ಸ್ವರಾಕ್ಷರ'ವನ್ನು ಆ ಹರ್ಕ್ಯುಲೆಸ್ ಮಾಸ್ ಪಕ್ಕದಲ್ಲಿಟ್ಟು ನೋಡಿ. ಅದು ಸರಿಯಾಗಿ ಕೂರುತ್ತದೆ.

ಸಾವಿರ ಪದ ಸಾಕು. ಬರೆಯುವ ಮೊದಲು ಆ ಮಾಸ್‌ನ ಮೊದಲ ಭಾಗವಾದ 'ಕೀರಿಯೆ'ಯನ್ನು ಇಯರ್‌ಫೋನ್ ಹಾಕಿಕೊಂಡು ಮೂರ್ನಾಲ್ಕು ಸಲ ಕೇಳಿ. ರಿ ಸ ರಿ ಸ ರಿ ಮ ಗ ರಿ ನಿಮಗೆ ಮೊದಲು ಎಲ್ಲಿ ಕೇಳಿಸಿತೋ ಅಲ್ಲಿಂದಲೇ ಶುರು ಮಾಡಿ, ನನಗೇ ನೇರವಾಗಿ ಕಳಿಸಿ.