ಅಗ್ಗದ ಸರ್ವರ್ ಅಂದ್ರೆ ಕಳಪೆ ಚಿಪ್ಪಾ?

ಪ್ರಶ್ನೆ: ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಎಲ್ಲವೂ ಅಮೆಜಾನ್ ಕ್ಲೌಡ್‌ನ ಟಿ3 ಸರ್ವರ್ ಮೇಲಿದೆ. ಟಿ4ಜಿ ಅನ್ನೋದರ ಬಾಡಿಗೆ ಇನ್ನೂ ಕಡಿಮೆ. ಅದರಲ್ಲಿ ಇಂಟೆಲ್ ಚಿಪ್ ಇಲ್ಲವಂತೆ, ನಂಬಬಹುದಾ? ಆಫೀಸಿಗೇ ಅಂಥ ಚಿಪ್‌ನ ಒಂದು ಆರ್ಮ್ ಸರ್ವರ್ ತಂದಿಟ್ಟುಕೊಂಡರೆ ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಧಾರಾಳವಾಗಿ ನಂಬಿ. ಅದರಲ್ಲಿರುವುದು ಗ್ರಾವಿಟಾನ್ ಚಿಪ್. ಚಿಪ್ ವಿನ್ಯಾಸ ಮಾಡಿ ಬೇರೆಯವರಿಗೆ ಕೊಡುವ ಆರ್ಮ್ ಕಂಪನಿಯಿಂದ ಲೈಸೆನ್ಸ್ ತಗೊಂಡು ಅಮೆಜಾನ್ ತನಗಾಗಿಯೇ ಮಾಡಿಸಿಕೊಳ್ಳುವ ಚಿಪ್ ಇದು, 2018ರಲ್ಲಿ ಮೊದಲು ಬಂತು. ನಡುವೆ ಇಂಟೆಲ್, ಎಎಂಡಿಯವರ ಲಾಭ ಸೇರುವುದಿಲ್ಲ, ಕರೆಂಟೂ ಕಡಿಮೆ ಸಾಕು, ಅದಕ್ಕೇ ಅಗ್ಗ. ರೇಟ್ ಪಟ್ಟಿಯಲ್ಲಿ ಕಾಣದ ಇನ್ನೊಂದು ಲಾಭವೂ ಇದೆ. ಟಿ3ಯಲ್ಲಿ ಎರಡು ವಿಸಿಪಿಯು (ಕ್ಲೌಡ್‌ನವರು ಬಾಡಿಗೆಗೆ ಎಣಿಸುವ ಪ್ರೊಸೆಸರ್) ಅಂದರೆ ಒಂದೇ ಕೋರ್‌ನ (ಚಿಪ್‌ನೊಳಗೆ ಕೆಲಸ ಮಾಡುವ ಘಟಕ) ಎರಡು ಥ್ರೆಡ್, ಒಂದೇ ಕಾವಲಿ ಮೇಲೆ ಇಬ್ಬರು ದೋಸೆ ಹುಯ್ದ ಹಾಗೆ. ಟಿ4ಜಿಯಲ್ಲಿ ಎರಡೂ ಪೂರ್ತಿ ಕೋರ್.

ತಕರಾರು ಬರುವುದು ಸಾಫ್ಟ್‌ವೇರ್ ಕಡೆಯಿಂದ. ಲಿನಕ್ಸ್ ಮೇಲೆ ಜಾವಾ, ಪಿಎಚ್‌ಪಿ, ಪೈಥಾನ್, ಮೈಎಸ್‌ಕ್ಯುಎಲ್ ಇದ್ದರೆ ಹೆಚ್ಚು ತಲೆಬಿಸಿ ಇಲ್ಲ. ಇಂಟೆಲ್ ಯಂತ್ರಕ್ಕೆಂದು ಕಟ್ಟಿದ ಡಾಕರ್ ಇಮೇಜನ್ನು (ಸಾಫ್ಟ್‌ವೇರನ್ನೂ ಅದಕ್ಕೆ ಬೇಕಾದ್ದನ್ನೂ ಒಟ್ಟಿಗೆ ಕಟ್ಟಿದ ಗಂಟು) ಹಾಗೇ ಎತ್ತಿಕೊಂಡು ಹೋಗಿ ಓಡಿಸಿದರೆ ಮಾತ್ರ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಅಂತ ಒಂದು ಸಾಲು ತೋರಿಸಿ ಸುಮ್ನೆ ನಿಂತುಬಿಡುತ್ತದೆ. ಆರ್ಮ್‌ಗೆ ಬೇರೆಯಾಗಿ ಬಿಲ್ಡ್ ಮಾಡಬೇಕು, ಅಷ್ಟೇ. ಆದರೆ ವಿಂಡೋಸ್ ಸರ್ವರ್, ಎಸ್‌ಕ್ಯುಎಲ್ ಸರ್ವರ್ ನಂಬಿಕೊಂಡಿದ್ದರೆ ಟಿ4ಜಿ ಆಸೆ ಬಿಡಿ. ಸೋರ್ಸ್ ಕೋಡ್ ಇಲ್ಲದ, ಯಾರೋ ಹಿಂದೆ ಕೊಟ್ಟ ಲೈಬ್ರರಿ ಎಲ್ಲಾದರೂ ಸೇರಿಕೊಂಡಿದೆಯಾ ಅಂತ ಮೊದಲು ಹುಡುಕಿ.

ಹೊಸ ಚಿಪ್‌ಗಳು ಸೋತದ್ದೂ ಹೆಚ್ಚಾಗಿ ಇಲ್ಲೇ. ಇಂಟೆಲ್ ಮತ್ತು ಎಚ್‌ಪಿ ಸೇರಿ ತಂದ ಇಟೇನಿಯಂ 2001ರಲ್ಲಿ ದೊಡ್ಡ ಸದ್ದಿನೊಂದಿಗೆ ಬಂತು, ಹಳೇ ಪ್ರೋಗ್ರಾಂಗಳು ಅದರ ಮೇಲೆ ತೆವಳುತ್ತಿದ್ದವು. 2003ರಲ್ಲಿ ಎಎಂಡಿ ಇಂಟೆಲ್ ಚಿಪ್‌ಗಳ ಹಳೇ ಭಾಷೆಯಾದ ಎಕ್ಸ್86 ಅನ್ನೇ 64 ಬಿಟ್‌ಗೆ ಹಿಗ್ಗಿಸಿದ ಆಪ್ಟೆರಾನ್ ತಂದಿತು, ಜನ ಅತ್ತ ಹೋದರು. ಕ್ವಾಲ್‌ಕಾಮ್ ಕೂಡ 2017ರಲ್ಲಿ ಸೆಂಟ್ರಿಕ್ ಅಂತ ಆರ್ಮ್ ಸರ್ವರ್ ಚಿಪ್ ತಂದು ಬೇಗನೆ ಕೈಬಿಟ್ಟಿತು. ಈಗ ಚಿಪ್ ಮಾಡಿಸುವವರೂ ಅದನ್ನು ಬಳಸುವವರೂ ಒಬ್ಬರೇ. ಮೈಕ್ರೋಸಾಫ್ಟ್‌ನ ಕೋಬಾಲ್ಟ್, ಗೂಗಲ್‌ನ ಆಕ್ಸಿಯಾನ್ ಕೂಡ ಹೀಗೇ ಬಂದವು. ಗಿರಾಕಿ ಹುಡುಕುವ ಕೆಲಸವೇ ಇಲ್ಲ ಅಲ್ವಾ!

ಆಫೀಸಿಗೆ ಆರ್ಮ್ ಸರ್ವರ್ ಮಾತ್ರ ಬೇಡ. ಸುಗ್ಗಿ ಸಮಯದಲ್ಲಿ ಮದರ್‌ಬೋರ್ಡ್ ಕೈಕೊಟ್ಟರೆ ಬಿಡಿಭಾಗ ಎಲ್ಲಿಂದ ತರ್ತೀರಿ? ಸದ್ಯಕ್ಕೆ ಇಂಟೆಲ್‌ನ ಕ್ಸಿಯಾನ್ ಅಥವಾ ಎಎಂಡಿಯ ಎಪಿಕ್ ಇರಲಿ.

ಪ್ರಶ್ನೆ: ರಿಸ್ಕ್-ಫೈವ್ ಕಲಿತರೆ ಉಪಯೋಗವಿದೆಯಾ ಸರ್?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಇದೆ ಕಣಮ್ಮ. ಚಿಪ್‌ಗೆ ಆದೇಶ ಕೊಡುವ ಭಾಷೆ ಇದು, 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಯಾರು ಬೇಕಾದರೂ ಲೈಸೆನ್ಸ್ ಶುಲ್ಕ ಕೊಡದೆ ಅದರ ಮೇಲೆ ಚಿಪ್ ಮಾಡಬಹುದು. ಮದ್ರಾಸ್ ಐಐಟಿಯ ಶಕ್ತಿ, ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಸಿಡ್ಯಾಕ್‌ನ ವೇಗಾ ಎರಡೂ ಇದೇ ಬಳಗ. ಸರ್ವರ್ ಪೈಪೋಟಿಯಲ್ಲಿ ಇನ್ನೂ ಎಳಸು. ಕಲಿಯಲು ಬೋರ್ಡ್ ಕೊಳ್ಳಬೇಕಾಗಿಲ್ಲ, ಲ್ಯಾಪ್‌ಟಾಪಿಗೆ ಬೇರೆ ಚಿಪ್‌ನಂತೆ ನಟಿಸುವ ಕ್ಯುಇಎಂಯು ಸಾಫ್ಟ್‌ವೇರ್ ಹಾಕಿಕೊಂಡು ಅದರೊಳಗೇ ರಿಸ್ಕ್-ಫೈವ್ ಲಿನಕ್ಸ್ ಬೂಟ್ ಮಾಡಿ ನೋಡಿ.